ಕೂಸು ಮಲಗಿಸುವ ಔಷಧ

ಇಟ್ಟಂಗಿ ಭಟ್ಟಿಯ ಕಲ್ಲಿದ್ದಲ ಹೊಗೆ ಮೂಗಿಗೆ ಬಡಿದರೆ ಈಗಲೂ ನನಗೆ ಬೈಲಹೊಂಗಲದ ಆ ಮಧ್ಯಾಹ್ನ ನೆನಪಾಗುತ್ತದೆ.

ಅವ್ವ ಭಟ್ಟಿಯಲ್ಲಿ ಇಟ್ಟಂಗಿ ಹೊರುತ್ತಿದ್ದಳು. ಬೇವಿನ ನೆರಳಲ್ಲಿ ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ತಂಗಿಯ ಜೋಳಿಗೆ ತೂಗುತ್ತಿದ್ದಳು. ಕೂಸು ಒಂದೇ ಸಮನೆ ಅಳುತ್ತಿತ್ತು.

"ಅದರ ಬಾಯಿ ಮುಚ್ಚಸು, ಇಲ್ಲಾಂದ್ರ ಮನೀಗಿ ನಡಿ," ಎಂದು ಮಾಲಕ ಅವ್ವನನ್ನು ಗದರಿದ.

ಅವ್ವ ಓಡಿಬಂದು ಕೆಮ್ಮಿನ ಔಷಧದ ಬಾಟಲಿ ತೆಗೆದಳು. ಅದನ್ನು ಕುಡಿಸಿದರೆ ಕೂಸು ಸಂಜೆಯವರೆಗೆ ಏಳುವುದಿಲ್ಲವೆಂದು ಭಟ್ಟಿಯ ಹೆಂಗಸರಿಗೆಲ್ಲ ಗೊತ್ತಿತ್ತು.

ಆಯಿ ಅದನ್ನು ಕಸಿದು ಕಲ್ಲಿಗೆ ಅಪ್ಪಳಿಸಿದಳು. ಅಂಟು ಔಷಧ ಇದ್ದಲ ಪುಡಿಯ ಮೇಲೆ ಹರಿಯಿತು.

"ಅತ್ತೀ, ಇವತ್ತಿನ ಪಗಾರ ನೀವು ಕೊಡ್ತೀರೇನು?" ಎಂದು ಅವ್ವ ಅತ್ತಳು.

ಆಯಿ ದೂರದ ಚಾಂದಾ ಕಡೆಯ, ಅಡವಿಯಲ್ಲಿ ಬದುಕುವ ಗೋಂಡ ಬುಡಕಟ್ಟಿನವಳು. ಇಂಗ್ರೇಜಿ ಸಾಹೇಬರು ಅವರ ಅಡವಿ ಕಸಿದು, ಅವರನ್ನೇ ಕಲ್ಲಿದ್ದಲ ಗಣಿಗೆ ಇಳಿಸಿದ್ದರು. ಅಲ್ಲಿಗೆ ದುಡಿಯಲು ಹೋಗಿದ್ದ ಅಜ್ಜ ಆಕೆಯನ್ನು ಮದುವೆಯಾಗಿ, ಕೆಲವು ವರ್ಷದ ಮೇಲೆ ಇಲ್ಲಿಗೆ ಕರೆತಂದಿದ್ದ. ಗಣಿಯ ಮಾತನ್ನು ಆಕೆ ಎಂದೂ ಆಡಿದವಳಲ್ಲ.

ಅಂದು ಯಾರ ಮುಖವನ್ನೂ ನೋಡದೆ ಹೇಳಿದಳು: "ಅಲ್ಲಿ ಸಾಹೇಬ್ರಿಗೂ ಕೂಸಿನ ಅಳು ಬ್ಯಾಡಾಗಿತ್ತು. ಚೊಚ್ಚಲ ಮಗಗ ಅಫೀಮು ನೆಕ್ಕಿಸಿ, ಬುಟ್ಟ್ಯಾಗ ಮಲಗಿಸಿ ಗಣಿಗೆ ಇಳದೆ. ಸಂಜಿಕ ಮ್ಯಾಲ ಬಂದಾಗೂ ಮಲಗೇ ಇದ್ದ. ಎಷ್ಟು ಶಾಣ್ಯಾ ನನ್ನ ಮಗಾ ಅನಕೋತ ಅರ್ಧ ದಾರಿ ಹೊತಗೊಂಡು ಬಂದೆ. ಆಮ್ಯಾಲ ಕಾಲು ಮುಟ್ಟಿದೆ. ತಣ್ಣಗಿತ್ತು."

ಮಾಲಕ ಮತ್ತೆ ಕೂಗಿದ. ಅವ್ವ ಕಣ್ಣೊರೆಸಿಕೊಂಡು, ತಲೆಗೆ ಸಿಂಬಿ ಇಟ್ಟುಕೊಂಡು ಹೋದಳು. ತಂಗಿಯನ್ನು ಸುಮ್ಮನಾಗಿಸಲು ನಾನು ಬಗ್ಗಿದೆ. ಆಯಿ ನನ್ನ ಕೈ ಹಿಡಿದಳು.

"ಅಳಲಿ ಬಿಡು."