ಬಾರದವರ ಪಟ್ಟಿ

“ಬಸ್ಸಿಗೆ ನಾನು ಬರ್ಲಿಲ್ಲ ಅಂತ ಕಾಗ್ದ ಕಳ್ಸಿದೀರಲ್ಲವ್ವ, ನಾನು ಬಾಗ್ಲಲ್ಲೇ ನಿಂತಿದ್ದೆ,” ಎಂದಿತು ಫೋನಿನ ಮುದಿ ದನಿ. ‘ಕನ್ನಡ, ಕನ್ನಡ’ ಎಂದಷ್ಟೇ ಹೇಳುತ್ತಿದ್ದ ಆ ಕರೆಯನ್ನು ಮುಂದಿನ ಮೇಜಿನವಳು ಲತಾಶ್ರೀಗೆ ದಾಟಿಸಿದ್ದಳು.

ರಾಚೆಸ್ಟರ್ ಹಿಲ್ಸ್ ಆಸುಪಾಸಿನ ಮುದುಕರನ್ನೂ ನಡೆಯಲಾಗದವರನ್ನೂ ಮನೆಯಿಂದ ಆಸ್ಪತ್ರೆಗೆ ಕರೆದೊಯ್ಯುವ ಸರ್ಕಾರಿ ಬಸ್ಸುಗಳ ಕಚೇರಿ ಅದು. ವರ್ಷಕ್ಕೊಮ್ಮೆ ರಾಜ್ಯ ಸರ್ಕಾರಕ್ಕೆ ಕಳಿಸಬೇಕಾದ ವರದಿಯನ್ನು ಆರು ವರ್ಷದಿಂದ ತಯಾರಿಸುತ್ತಿದ್ದವಳು ಲತಾಶ್ರೀ. ಈ ಸಲದ್ದೂ ಮುಕ್ಕಾಲು ಮುಗಿದಿತ್ತು. ಮಾತಾಡುತ್ತಲೇ ಅವಳು ಕಂಪ್ಯೂಟರಿನಲ್ಲಿ ಹೆಸರು ಹುಡುಕಿದಳು. ಚಿಕ್ಕತಾಯಮ್ಮ, ಎಪ್ಪತ್ತಮೂರು ವರ್ಷ, ವಾರಕ್ಕೆ ಮೂರು ದಿನ ಡಯಾಲಿಸಿಸ್. ಒಂದೇ ತಿಂಗಳಲ್ಲಿ ಮೂರು ಸಲ ‘ಪ್ರಯಾಣಿಕರು ಬರಲಿಲ್ಲ’. ಮೂರು ಸಲ ತಪ್ಪಿದರೆ ಮೂವತ್ತು ದಿನ ಬಸ್ಸಿಲ್ಲ ಎಂಬುದು ನಿಯಮ. ಕಾಗದ ನಿಯಮದಂತೆಯೇ ಹೋಗಿತ್ತು.

ಬಸ್ಸು ಪ್ರತಿ ಸಲವೂ ಐದು ನಿಮಿಷ ಕಾದಿದೆ ಎಂದು ಅವಳು ಮೆತ್ತಗೆ ಹೇಳಿದಳು.

“ಕಾದಿರ್ಬೌದು ಕಣವ್ವ, ಎಲ್ ಕಾದ್ರೋ. ಹಳೇ ಡ್ರೈವರು ಬಾಗ್ಲಿಗೇ ಬರೋನು, ಈ ಹೊಸಬ್ರು ನನ್ ಕಣ್ಣಿಗಂತೂ ಬೀಳ್ಲಿಲ್ಲ. ಮೂರ್ನೇ ಸಲ ಉಸ್ರು ಕಟ್ಕೊಂಡು ಆಂಬುಲೆನ್ಸಲ್ಲಿ ಹೋದೆ.” ಮಗಳು ಸೌತ್‌ಫೀಲ್ಡಿನಲ್ಲಿ ಕೆಲಸಕ್ಕಿದ್ದಾಳೆ, ಅವಳ ರಜೆಯೆಲ್ಲ ಮುಗಿದಿದೆ ಎಂದೂ ಮುದುಕಿ ಹೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಲತಾಶ್ರೀ ಸಮಾಧಾನದ ನಾಲ್ಕು ಮಾತು ಹೇಳಿ ಫೋನ್ ಇಟ್ಟುಬಿಡುತ್ತಿದ್ದಳೇನೋ.

ಮಧ್ಯಾಹ್ನ ಊಟದ ಬಿಡುವಿನಲ್ಲಿ ನಾಲ್ಕು ಮೈಲಿ ಡ್ರೈವ್ ಮಾಡಿಕೊಂಡು ಹೋದಳು. ಬಸ್ಸಿನ ಮ್ಯಾಪು ಅವಳನ್ನು ತಂದು ನಿಲ್ಲಿಸಿದ್ದು ಅಪಾರ್ಟ್‌ಮೆಂಟಿನ ಹೆಬ್ಬಾಗಿಲ ಬಳಿಯ ಆಫೀಸಿನ ಮುಂದೆ. ಅಲ್ಲಿಂದ ಒಳಗೆ ಎಂಟು ಕಟ್ಟಡಗಳು, ಚಿಕ್ಕತಾಯಮ್ಮನದು ಕಟ್ಟಕಡೆಯದು. ಸೀರೆಯ ಮೇಲೆ ದಪ್ಪ ಕೋಟು ತೊಟ್ಟ ಮುದುಕಿ ತಾನು ನಿಲ್ಲುವ ಜಾಗ ತೋರಿಸಿದಳು. ಆ ಗಾಜಿನ ಬಾಗಿಲಿಂದ ಕಾಣುತ್ತಿದ್ದದ್ದು ಹಿಮ ಹೊದ್ದು ನಿಂತ ಕಾರುಗಳು ಮಾತ್ರ. “ನನ್ನಿಂದ ನಿಂಗೇನಾರ ತೊಂದ್ರೆ ಆಯ್ತದಾ?” ಎಂದು ಅವಳೇ ಕೇಳಿದಳು. ಲತಾಶ್ರೀ ಕಟ್ಟಡದ ನಂಬರನ್ನು ಬರೆದುಕೊಂಡಳು.

ಕಚೇರಿಯ ಮುಖ್ಯಸ್ಥ ಕೊವಾಲ್ಸ್ಕಿ ಒಳ್ಳೆಯ ಮನುಷ್ಯ. ವಿಷಯ ಕೇಳಿದೊಡನೆ ಕಾಗದವನ್ನು ರದ್ದು ಮಾಡಿದ. ಮ್ಯಾಪಿನ ಗುರುತನ್ನು ತಾನೇ ಕೂತು ಸರಿಪಡಿಸಿದ. ಮರುದಿನ ಬೆಳಿಗ್ಗೆ ಬಸ್ಸು ಚಿಕ್ಕತಾಯಮ್ಮನ ಬಾಗಿಲಿಗೇ ಹೋಯಿತು. ಅಲ್ಲಿಗೆ ಮುಗಿಯಿತೆಂದು ಅವನು ತಿಳಿದ. ಆದರೆ ಲತಾಶ್ರೀಯ ಪಟ್ಟಿಯಲ್ಲಿ ಆ ವರ್ಷ ‘ಬರಲಿಲ್ಲ’ ಎನಿಸಿಕೊಂಡದ್ದು ಮುನ್ನೂರ ಹದಿನೆಂಟು ಸಲ. ಡ್ರೈವರಿಗೆ ಒತ್ತಲು ಇದ್ದದ್ದೇ ಎರಡು ಬಟನ್: ‘ಹತ್ತಿದರು’, ‘ಬರಲಿಲ್ಲ’.

ಅವಳು ಒಬ್ಬೊಬ್ಬರಿಗೇ ಫೋನ್ ಮಾಡತೊಡಗಿದಳು. ಒಂಬತ್ತು ದಿನ ಹಿಡಿಯಿತು. ಅವರು ಹೇಳಿದ್ದನ್ನು ಬಸ್ಸು ನಿಂತ ಜಾಗ, ಹೊತ್ತುಗಳ ಜೊತೆ ತಾಳೆ ನೋಡಿದಳು. ಕಣ್ಣು ಕಾಣದ ಒಬ್ಬರು ಮನೆಯ ಬದಿಯ ಬಾಗಿಲಲ್ಲಿ ಕಾದಿದ್ದರು. ಬಸ್ಸು ಮುಂಬಾಗಿಲಿಗೆ ಬಂದು ಹೋಗಿತ್ತು. ಇನ್ನೊಬ್ಬಾಕೆಯ ಮನೆಗೆ ಇಪ್ಪತ್ತು ನಿಮಿಷ ಮೊದಲೇ ಬಂದು ಹೊರಟಿತ್ತು. ಒಂದು ಕಡೆ ಮಗ ಫೋನ್ ಎತ್ತಿದ. ಅಮ್ಮ ಈಗಿಲ್ಲ, ನವೆಂಬರಿನಲ್ಲಿ ಹೋದರು ಎಂದ. ಆ ದಿನ ಅವಳಿಗೆ ಇನ್ನೊಂದು ನಂಬರು ಒತ್ತಲಾಗಲಿಲ್ಲ.

ಕೊನೆಗೆ ನೂರ ನಲವತ್ತೆರಡು ಸಾಲುಗಳನ್ನು ಅವಳು ‘ಪ್ರಯಾಣಿಕರು ಬರಲಿಲ್ಲ’ ಎಂಬಲ್ಲಿಂದ ತೆಗೆದು ‘ನಮ್ಮಿಂದ ತಪ್ಪಿದ್ದು’ ಎಂಬ ಕಾಲಮಿಗೆ ಹಾಕಿದಳು. ಬಸ್ಸು ಕೆಟ್ಟು ತಪ್ಪಿದ ಐದು ಅಲ್ಲಿ ಮೊದಲೇ ಇದ್ದವು; ಈಗ ನೂರ ನಲವತ್ತೇಳಾಯಿತು. ಕೊವಾಲ್ಸ್ಕಿ ಅದನ್ನು ಎರಡು ಸಲ ಓದಿದ. ಫೋನ್ ಮಾಡಿ ಕೇಳಿ ಎಂದು ಯಾವ ನಿಯಮವೂ ಹೇಳುವುದಿಲ್ಲ, ಹಳೆಯ ಲೆಕ್ಕವೇ ಕಾನೂನಿನ ಪ್ರಕಾರ ಸರಿ ಎಂದ. ಇದನ್ನು ಕಳಿಸಿದರೆ ರಾಜ್ಯದಿಂದ ತಪಾಸಣೆಗೆ ಬರುತ್ತಾರೆ ಎಂದ. ಆಮೇಲೆ ದನಿ ತಗ್ಗಿಸಿ, “ಹಿಂದಿನ ವರದಿಗಳನ್ನೂ ತೆಗೆಸುತ್ತಾರೆ, ಲತಾ. ಎಲ್ಲದರ ಮೇಲೂ ನಿಮ್ಮ ಹೆಸರಿದೆ,” ಎಂದ.

“ಗೊತ್ತು. ಎರಡು ರಾತ್ರಿಯಿಂದ ಅದನ್ನೇ ಯೋಚಿಸ್ತಾ ಇದೀನಿ.”

ಅವನು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡ. ನವೆಂಬರಿನಲ್ಲಿ ತೀರಿಕೊಂಡವರ ಹೆಸರು ಕೇಳಿದ. ಅವಳು ಹೇಳಿದಳು. ಅವನಿಗೆ ಆಕೆಯ ಪರಿಚಯವಿತ್ತು. ಪ್ರತಿ ಕ್ರಿಸ್‌ಮಸ್ಸಿಗೆ ಡ್ರೈವರುಗಳಿಗೆ ಬಿಸ್ಕತ್ತು ಮಾಡಿ ಕಳಿಸುತ್ತಿದ್ದ ಹೆಂಗಸು. ವರದಿಯನ್ನು ಹತ್ತಿರಕ್ಕೆಳೆದುಕೊಂಡು ಸಹಿ ಹಾಕಿದ.

ಕಳಿಸಲು ಹೋದರೆ ರಾಜ್ಯದ ವೆಬ್‌ಸೈಟು ವರದಿಯನ್ನು ತಡೆಹಿಡಿಯಿತು. ಸಂಖ್ಯೆ ಹೋದ ವರ್ಷಕ್ಕಿಂತ ತೀರಾ ಹೆಚ್ಚಿದೆ, ಕಾರಣ ಬರೆಯಿರಿ ಎಂದು ಕೆಂಪು ಚೌಕವೊಂದು ತೆರೆದುಕೊಂಡಿತು. ಲತಾಶ್ರೀ ಮ್ಯಾಪಿನ ತಪ್ಪು, ಬಟನ್ನಿನ ಕೊರತೆ, ಹೊಸ ಡ್ರೈವರುಗಳು ಎಂದೆಲ್ಲ ಬರೆದಳು. ಓದಿ ನೋಡಿ ಪೂರ್ತಿ ಅಳಿಸಿದಳು. ಆಮೇಲೆ ಒಂದೇ ಸಾಲು ಬರೆದು ಒತ್ತಿಬಿಟ್ಟಳು:

“ಹೋದ ವರ್ಷ ನಾವು ಅವರನ್ನು ಕೇಳಿರಲಿಲ್ಲ.”