ಅಂಜುವವರ ದಾರಿ

ವಾಚಕ ಮಹಾಶಯರೇ, ಕುದುರೆಯೇರಿದ ಮನುಷ್ಯನ ಚಿತ್ತವು ಎಷ್ಟು ಚಂಚಲವೆಂಬುದನ್ನು ತಾವು ಬಲ್ಲಿರಷ್ಟೆ.

ಪ್ರವಾಸಿಗರನ್ನು ಕುದುರೆಗಳ ಮೇಲೆ ಬೆಟ್ಟ ಸುತ್ತಿಸುವ ಮುದ್ದಯ್ಯ, ಕಣಿವೆಯಂಚಿನ ದಾರಿಯಲ್ಲಿ ಬಿದ್ದು ಕಾಲು ಮುರಿದುಕೊಂಡು ತಿಂಗಳುಗಟ್ಟಲೆ ಮಲಗಿದ್ದು, ಅಂದಷ್ಟೇ ಕೆಲಸಕ್ಕೆ ಮರಳಿದ್ದ. ಆ ದಾರಿಯನ್ನು ನೆನೆದರೆ ಈಗ ಜೀವ ಬಾಯಿಗೆ ಬರುತ್ತಿತ್ತು. ಹಾಗೆಂದು ಹೇಳಿಕೊಂಡರೆ ಕೆಲಸ ಹೋಗುತ್ತಿತ್ತು. ಗುಂಪಿನಲ್ಲಿ ಒಬ್ಬರು ಅಂಜಿದರೂ ಎಲ್ಲರೂ ಕೆರೆಯ ಸಮತಟ್ಟು ದಾರಿಯಲ್ಲೇ ಹೋಗಬೇಕೆಂಬ ನಿಯಮವೊಂದೇ ಅವನಿಗಿದ್ದ ಆಸರೆ.

“ಯಾರಿಗಾದ್ರೂ ಭಯ ಇದೆಯಾ?” ಎಂದು ಎರಡೆರಡು ಸಲ ಕೇಳಿದ.

“ನಮಗಾ? ನಿಮ್ಮ ಕುದುರೆಗಳನ್ನ ಕೇಳಿ ಗುರುಗಳೇ!” ಎಂದು ಗುಂಪಿನಲ್ಲಿದ್ದ ಯುವಕರು ನಕ್ಕರು.

ಹಿಂದೆ ನಿಂತಿದ್ದ ನಡುವಯಸ್ಸಿನ ಹೆಂಗಸೊಬ್ಬಳು ಕೈಯೆತ್ತಿದಳು. “ನನಗಿದೆಯಪ್ಪಾ.”

“ಅಯ್ಯೋ, ಕೆರೆ ಸುತ್ತೋಕೆ ಸೈಕಲ್ ಸಾಕಿತ್ತು!” ಎಂದು ಒಬ್ಬ ಗೊಣಗಿದ. ಮುದ್ದಯ್ಯನಿಗೆ ಹೋದ ಉಸಿರು ಬಂದಂತಾಯಿತು.

ಕೆರೆಯ ಬಳಿ ನವಿಲೊಂದು ದಡಕ್ಕನೆ ಹಾರಿತು. ಅವನ ಕುದುರೆ ಬೆದರಿ ಮುಂಗಾಲೆತ್ತಿತು. ಹಿಂದಿನಿಂದ ಕುದುರೆ ಓಡಿಸಿಕೊಂಡು ಬಂದು, ಅದರ ಲಗಾಮು ಹಿಡಿದು ನಿಲ್ಲಿಸಿದವಳು ಆಕೆಯೇ.

ಸವಾರಿ ಮುಗಿದಾಗ ಮುದ್ದಯ್ಯ ತಡೆಯಲಾರದೆ ಕೇಳಿದ: “ಇಷ್ಟು ಪಳಗಿದವರು ಭಯ ಅಂದಿರಲ್ಲಮ್ಮಾ, ಯಾಕೆ?”

ಆಕೆ ಚೀಲವನ್ನು ಹೆಗಲಿಗೇರಿಸಿ ಹೊರಟಳು. “ಭಯ ಇದೆಯಾ ಅಂತ ಕೇಳೋವಾಗ ನಿನ್ನ ಕೈ ನಡುಗ್ತಿತ್ತಲ್ಲಪ್ಪಾ.”