ಎಡಗೈಯೊಳಗಿನ ಲಿಂಗ

“ಕೊರಳಾಗಿಂದು ತೆಗದು ಜೋಡಿ ಬಂದವ್ರ ಕೈಯಾಗ ಕೊಡ್ರಿ, ಅವ್ವಾರ,” ಎಂದರು ಸ್ಕ್ಯಾನ್ ಮಾಡಲಿದ್ದ ಡಾಕ್ಟರಮ್ಮ. ದೊಡವಾಡದಿಂದ ಒಬ್ಬಳೇ ಬಂದಿದ್ದ ನೀಲಗಂಗವ್ವ ಕೊರಳಲ್ಲಿದ್ದ ಕರಡಿಗೆ ಬಿಚ್ಚಿ, ಅದರೊಳಗಿನ ಇಷ್ಟಲಿಂಗವನ್ನು ಎಡಗೈಯಲ್ಲಿ ಹಿಡಿದಳು. “ಇದನ್ನ ಮಂದಿ ಕೈಯಾಗ ಕೊಡಂಗಿಲ್ರಿ. ಕೊಡಾಕ ಮಂದೀನೂ ಇಲ್ಲ ಬಿಡ್ರಿ.”

ಬಲಗೈ ನರದೊಳಗೆ ಸ್ಕ್ಯಾನಿನಲ್ಲಿ ಬೆಳಗುವ, ಸಣ್ಣ ಗಾಳಿಗುಳ್ಳೆಗಳಿರುವ ಔಷಧ ಇಳಿಯಿತು. ಪರದೆಯ ಮೇಲೆ ಲಿವರಿನ ಕರಿ ಗಂಟು ಅಂಚಿನಿಂದ ನಡುವಿನ ಕಡೆಗೆ ಬೆಳಗತೊಡಗಿತು. “ಈ ಬೆಳಕು ಐದು ನಿಮಿಷ ನಿಂತ್ರ ಅಂಜಿಕಿಲ್ರಿ. ಆರಿದ್ರ ಮಾತ್ರ ಕೆಟ್ಟ ಗಂಟು.” ನೀಲಗಂಗವ್ವ ಪೂಜೆಗೆ ಕುಳಿತವಳಂತೆ ಎವೆಯಿಕ್ಕದೆ ನೋಡಿದಳು.

ಬೆಳಕು ಆರಲಿಲ್ಲ.

“ಛಲೋ ಆತು! ಮನಿಗೆ ಫೋನ್ ಹಚ್ಚಿ ಹೇಳ್ರಿ ಮತ್ತ,” ಡಾಕ್ಟರಮ್ಮ ನಕ್ಕರು. ನೀಲಗಂಗವ್ವ ಬೆವೆತ ಎಡಗೈಯನ್ನು ಮುಖದ ಹತ್ತಿರ ತಂದು, ಮೆಲ್ಲಗೆ ಬಿಚ್ಚಿ, ಪಿಸುಗುಟ್ಟಿದಳು: “ಏನೂ ಇಲ್ಲಂತಪಾ.”